ಸೊಂಟದ ಕೆಳಗಿನ ನೋವಿಗೂ ಜಾಗ ಕೊಡಿ

ಸಂಪಾದಕರಿಗೆ ನಮಸ್ಕಾರ.

ಭಾನುವಾರದ ಆರೋಗ್ಯ ಪುಟದಲ್ಲಿ ಬೆನ್ನುನೋವು, ಮಂಡಿನೋವಿನ ಬಗ್ಗೆ ಓದಿದೆ. ಚೆನ್ನಾಗಿತ್ತು. ಸೊಂಟಕ್ಕಿಂತ ಕೆಳಗೆ, ತೊಡೆಗಿಂತ ಮೇಲೆ ಬರುವ ನೋವಿನ ಬಗ್ಗೆ ಮಾತ್ರ ಯಾರೂ ಬರೆಯೋದಿಲ್ಲ, ಅಲ್ವಾ?

ನಾನು ಮುಂಬೈ ಮಾಟುಂಗಾದ ಹೋಟೆಲೊಂದರ ಕ್ಯಾಷಿಯರ್. ಬೆಳಿಗ್ಗೆ ಆರಕ್ಕೆ ಗಲ್ಲಾಪೆಟ್ಟಿಗೆ ಮುಂದೆ ಸ್ಟೂಲ್ ಹತ್ತಿದರೆ ಇಳಿಯುವುದು ಮಧ್ಯಾಹ್ನ ಮೂರಕ್ಕೆ. ಎರಡು ವರ್ಷದ ಹಿಂದೆ ಕೂತಲ್ಲೇ ನೋವು ಶುರುವಾಯಿತು. ವೃಷಣದ ಹಿಂದೆ, ಗುದದ ಮುಂದೆ, ನಿಂಬೆಹಣ್ಣಿನ ಮೇಲೆ ಕೂತ ಹಾಗೆ. ಮೂತ್ರಕ್ಕೆ ಹೋದರೆ ಉರಿ. ಯೂರಿನ್ ಕಲ್ಚರ್, ಸೋನೋಗ್ರಫಿ, ಪ್ರಾಸ್ಟೇಟ್ ಗ್ರಂಥಿಗೆ ಮಾಡುವ ಪಿಎಸ್‌ಎ ರಕ್ತಪರೀಕ್ಷೆ ಎಲ್ಲ ನಾರ್ಮಲ್. ಆದರೂ ಮೂರು ಸಲ ಆ್ಯಂಟಿಬಯೋಟಿಕ್ ನುಂಗಿದೆ. ಕೊನೆಗೆ ಡಾಕ್ಟರೊಬ್ಬರು 'ನಿಮಗೇನೂ ಇಲ್ಲ, ಟೆನ್ಷನ್ ಬಿಡಿ' ಅಂದರು. ಆ ಮಾತು ಮೂತ್ರಕ್ಕಿಂತ ಜಾಸ್ತಿ ಉರಿಯಿತು. ಲೋಕಲ್ ಟ್ರೇನಿನಲ್ಲಿ ಅಂಟಿಸಿರುವ 'ಗುಪ್ತರೋಗ'ದ ಚೀಟಿಯಿಂದ ನಂಬರ್ ಕೂಡ ಬರೆದುಕೊಂಡಿದ್ದೆ. ಫೋನ್ ಮಾಡಲಿಲ್ಲ, ಪುಣ್ಯ.

ದಾರಿ ತೋರಿಸಿದವರು ಪೆಲ್ವಿಕ್ ಫ್ಲೋರ್ ನೋಡುವ ಫಿಸಿಯೋಥೆರಪಿಸ್ಟ್. ಕಿಬ್ಬೊಟ್ಟೆಯ ತಳದಲ್ಲಿ ಜೋಳಿಗೆ ಕಟ್ಟಿದ ಹಾಗಿರುವ ಸ್ನಾಯುಗಳು ಅವು. 'ಈಗ ಮಾತಾಡ್ತಾ ಕೆಳಗೆ ಬಿಗಿ ಹಿಡಿದಿದ್ದೀರಾ, ನೋಡಿ' ಅಂದರು. ಹಿಡಿದಿದ್ದೆ! ಹಲ್ಲೂ ಕಚ್ಚಿದ್ದೆ. ಒಂಬತ್ತರ ರಶ್‌ನಲ್ಲಿ ಐನೂರರ ನೋಟಿಗೆ ಚಿಲ್ಲರೆ ಇಲ್ಲದಾಗಲೂ ಹೀಗೇ ಹಿಡಿಯುತ್ತೇನೆ ಅಂತ ಮಾರನೇ ದಿನ ಸಿಕ್ಕಿಬಿತ್ತು. ಈ ನೋವನ್ನು ಕ್ರಾನಿಕ್ ಪ್ರಾಸ್ಟಟೈಟಿಸ್ (ಪ್ರಾಸ್ಟೇಟ್ ಗ್ರಂಥಿಯ ದೀರ್ಘಕಾಲದ ಉರಿಯೂತ) ಅಂದರೂ ಬಹುಪಾಲು ಗಂಡಸರಲ್ಲಿ ಸೋಂಕು ಇರೋದೇ ಇಲ್ಲವಂತೆ. ಸ್ನಾಯು ಬಿಗಿದು ನೋವು, ನೋವಿಗೆ ಭಯ, ಭಯಕ್ಕೆ ಮತ್ತೂ ಬಿಗಿತ. ತಿಂಗಳುಗಟ್ಟಲೆ ಹೀಗಾದರೆ ನರಗಳೂ ಸಣ್ಣದಕ್ಕೆಲ್ಲ ಬೊಬ್ಬೆ ಹಾಕುತ್ತವೆ. ಅಮೆರಿಕದ ಸ್ಟ್ಯಾನ್‌ಫರ್ಡ್‌ನಲ್ಲಿ ಡೇವಿಡ್ ವೈಸ್, ರಾಡ್ನಿ ಆಂಡರ್ಸನ್ ಅನ್ನುವವರು 1990ರ ದಶಕದಲ್ಲೇ ಈ ಬಿಗಿತ ಸಡಿಲಿಸುವ ಚಿಕಿತ್ಸೆ ಕಟ್ಟಿದ್ದರು. ನನಗೆ ತಲುಪಲು ಇಷ್ಟು ವರ್ಷ!

ಫಿಸಿಯೋಥೆರಪಿಸ್ಟ್ ಹೇಳಿಕೊಟ್ಟಿದ್ದು ಇದು: ರಾತ್ರಿ ಚಾಪೆ ಮೇಲೆ ಮಲಗಿ, ಮೀನಖಂಡ ಕುರ್ಚಿ ಮೇಲಿಟ್ಟು, ಹೊಟ್ಟೆ ಮೇಲೆ ಕೈ. ಉಸಿರು ತಗೊಂಡರೆ ಹೊಟ್ಟೆ ಏಳಬೇಕು, ತಳ ಸಡಿಲಾಗಬೇಕು. ಅಷ್ಟೇ. ಮೊದಲ ಎರಡು ವಾರ ಸುಮ್ನೆ ನಿದ್ದೆ ಬಂತು. ಗೆಳೆಯ ಕಲಿಸಿದ್ದ, ಆ ಸ್ನಾಯುಗಳನ್ನು ಬಿಗಿದು ಬಿಡುವ ಕೆಗೆಲ್ ವ್ಯಾಯಾಮ ನಿಲ್ಲಿಸಿದರು. ಬಿಗಿದಿದ್ದನ್ನೇ ಇನ್ನಷ್ಟು ಬಿಗಿಯುತ್ತಿದ್ದೆ. ಎಂಟು ತಿಂಗಳಾಯಿತು. ಮಾರ್ಚ್ ಲೆಕ್ಕದ ಹೊತ್ತಿಗೆ ನೋವು ಮತ್ತೆ ಬಂತು, ಹೆದರಲಿಲ್ಲ, ಹೋಯಿತು. ಮೊದಲು ಸೀಟು ಖಾಲಿ ಇದ್ದರೂ ಡೊಂಬಿವಲಿಯಿಂದ ನಿಂತೇ ಬರುತ್ತಿದ್ದೆ. ಈಗ ಕೂರುತ್ತೇನೆ.

ಟೆಸ್ಟ್ ಮಾಡಿಸದೆ ಉಸಿರಾಟಕ್ಕೆ ಇಳಿಯಬೇಡಿ ಅಂತಲೂ ಬರೆಯಿರಿ. ಕಲ್ಲು, ಸೋಂಕು, ಕ್ಯಾನ್ಸರ್ ಇಲ್ಲ ಅಂತ ಮೊದಲು ಗೊತ್ತಾಗಬೇಕು.

ನನ್ನ ಹೆಸರು ಹಾಕಬೇಡಿ. ಮಾವನ ಮನೆಯವರೂ ನಿಮ್ಮದೇ ಪೇಪರ್ ತರಿಸುತ್ತಾರೆ.

— ಒಬ್ಬ ಓದುಗ, ಡೊಂಬಿವಲಿ