ಮಾದರಿ ಹಾಳೆ ಒಂದು, ಬಂದ ಹಾಳೆ ಇನ್ನೊಂದು: ಕಾರ್ಡ್ ಕಾಗದದ ಮುದ್ರಣದ ಬಗ್ಗೆ ದೂರು

ಇಂದ:
ಕೈಯಲ್ಲಿ ಶುಭಾಶಯ ಕಾರ್ಡ್ ಮಾಡುವ ನಿಮ್ಮ ಗ್ರಾಹಕಿ
ಧಾರವಾಡ

ಗೆ:
ಕುಂದುಕೊರತೆ ಅಧಿಕಾರಿಗಳು
ಆನ್‌ಲೈನ್ ಮುದ್ರಣ ಸೇವೆ

ದಿನಾಂಕ: ಜನವರಿ 19

ವಿಷಯ: ಒಪ್ಪಿದ ಮಾದರಿಯಂತೆ ಮುದ್ರಿಸದೆ ಕಳಿಸಿದ 50 ಹಾಳೆ ಪ್ಯಾಟರ್ನ್ ಪೇಪರ್ ಬಗ್ಗೆ

ಮಾನ್ಯರೇ,

ಡಿಸೆಂಬರ್ 22ರಂದು ನಿಮ್ಮಲ್ಲಿ 50 ಹಾಳೆ ಪ್ಯಾಟರ್ನ್ ಪೇಪರ್, ಅಂದರೆ ಕಾರ್ಡಿಗೆ ಹೊದಿಸುವ ವಿನ್ಯಾಸದ ಕಾಗದ, ಮುದ್ರಣಕ್ಕೆ ಕೊಟ್ಟಿದ್ದೆ. 13×19 ಇಂಚಿನ ಹಾಳೆ, 170 ಜಿಎಸ್‌ಎಂ (ಚದರ ಮೀಟರಿಗೆ 170 ಗ್ರಾಂ ತೂಗುವ) ಹೊಳಪಿಲ್ಲದ ಮ್ಯಾಟ್ ಕಾಗದ, ನೀರಿಗೆ ಸುಲಭವಾಗಿ ಹರಡದ ಪಿಗ್ಮೆಂಟ್ ಇಂಕ್. ಹಾಳೆಗೆ 64 ರೂಪಾಯಿಯಂತೆ 3,200, ಕೊರಿಯರ್‌ಗೆ 180, ಒಟ್ಟು 3,380 ರೂಪಾಯಿ ಮೊದಲೇ ಕಟ್ಟಿದ್ದೆ. ಜನವರಿ 5ಕ್ಕೆ ಡಬ್ಬಿ ಬಂತು. ಬಿಚ್ಚಿ ನೋಡಿದರೆ ಹಾಳೆ ಚಿಕ್ಕದು, ವಿನ್ಯಾಸ ಕುಗ್ಗಿದೆ, ಇಂಕ್ ಬೇರೆ. ಸಂಕ್ರಾಂತಿಗೆ ಆಗ ಉಳಿದಿದ್ದು ಒಂಬತ್ತೇ ದಿನ.

ಇದಕ್ಕೆ ಮೊದಲು ಮೂರು ಸಲ ನಿಮ್ಮ ಗ್ರಾಹಕ ಸೇವೆಗೆ ಬರೆದಿದ್ದೇನೆ. ಮೂರೂ ಸಲ ಬಂದ ಉತ್ತರ ನಾನು ಕೇಳಿದ ಪ್ರಶ್ನೆಗೆ ಅಲ್ಲ. ಅದಕ್ಕೇ ಈ ಪತ್ರದಲ್ಲಿ ಎಲ್ಲವನ್ನೂ ಮೊದಲಿಂದ ಹೇಳುತ್ತೇನೆ. ದಯವಿಟ್ಟು ಪೂರ್ತಿ ಓದಿ.

ನಾನು ಮುದ್ರಣಕ್ಕೆ ಕೊಟ್ಟಿದ್ದು ಎಲ್ಲಿಂದಲೋ ಇಳಿಸಿಕೊಂಡ ಚಿತ್ರವಲ್ಲ. ನಮ್ಮ ಅಜ್ಜಿಯ ಚಂದ್ರಕಾಳಿ ಸೀರೆಯ ಕಸೂತಿ. ಕಪ್ಪು ನೆಲ, ಅದರ ಮೇಲೆ ಬಿಳಿ, ಕೆಂಪು, ಹಸಿರು ದಾರದಲ್ಲಿ ಗೋಪುರ, ತುಳಸಿಕಟ್ಟೆ, ಅಂಬಾರಿ ಹೊತ್ತ ಆನೆ. ನಮ್ಮ ಕಡೆ ಸಂಕ್ರಾಂತಿಗೆ ಕರಿ ಸೀರೆ ಉಡುತ್ತಾರೆ. ಹಾಗಾಗಿ ಆ ಹಬ್ಬದ ಕಾರ್ಡಿಗೆ ಅದೇ ಸೀರೆಯ ಕಾಗದ ಹೊದಿಸಬೇಕು ಅನ್ನುವುದು ನನ್ನ ಬಹಳ ದಿನದ ಆಸೆ. ಸೀರೆಯನ್ನು ತುಂಡು ತುಂಡಾಗಿ 600 ಡಿಪಿಐನಲ್ಲಿ (ಇಂಚಿಗೆ 600 ಚುಕ್ಕಿ) ಸ್ಕ್ಯಾನ್ ಮಾಡಿದೆ. ಸವೆದ ಹೊಲಿಗೆಗಳನ್ನು ಕಂಪ್ಯೂಟರಿನಲ್ಲಿ ಒಂದೊಂದಾಗಿ ಮತ್ತೆ ಎಳೆದೆ. ಒಂದು ಚೌಕದ ಪಕ್ಕಕ್ಕೆ ಇನ್ನೊಂದು ಇಟ್ಟರೆ ನಡುವೆ ಗೆರೆ ಕಾಣದ ಹಾಗೆ ಅಂಚು ಕೂಡಿಸಿದೆ. ಮೂರು ತಿಂಗಳ ರಾತ್ರಿಗಳು ಇದಕ್ಕೇ ಹೋದವು.

ಇಲ್ಲಿ ಅಳತೆ ಯಾಕೆ ಅಷ್ಟು ಮುಖ್ಯ ಅಂತ ಹೇಳಬೇಕು. ಕಸೂತಿಯಲ್ಲಿ ಬಟ್ಟೆಯ ಮೇಲೆ ಮೊದಲು ಚಿತ್ರ ಬರೆದುಕೊಳ್ಳುವುದಿಲ್ಲ. ಬಟ್ಟೆಯ ಎಳೆ ಎಣಿಸಿ ಹೊಲಿಯುತ್ತಾರೆ. ಗವಂತಿ, ಮುರ್ಗಿ, ನೇಯ್ಗೆ, ಮೆಂಥಿ, ಈ ನಾಲ್ಕೂ ಎಣಿಕೆಯ ಮೇಲೆ ನಿಂತ ಹೊಲಿಗೆಗಳು. ಮುರ್ಗಿ ಮೆಟ್ಟಿಲು ಮೆಟ್ಟಿಲಾಗಿ ಹೋಗುತ್ತದೆ. ಗವಂತಿಯಲ್ಲಿ ಸೂಜಿ ಒಮ್ಮೆ ಹೋಗಿ ಅದೇ ದಾರಿಯಲ್ಲಿ ವಾಪಸ್ ಬರುತ್ತದೆ, ಗಂಟು ಹಾಕುವುದಿಲ್ಲ, ಬಟ್ಟೆಯ ಎರಡೂ ಕಡೆ ಒಂದೇ ಗೆರೆ ಕಾಣುತ್ತದೆ. ನನ್ನ ಕಾಗದದಲ್ಲಿ ಒಂದು ಹೊಲಿಗೆ ಸೀರೆಯಲ್ಲಿ ಎಷ್ಟು ಉದ್ದ ಇದೆಯೋ ಅಷ್ಟೇ ಇರಬೇಕು. ಕಾರ್ಡ್ ಕೈಗೆ ಬಂದಾಗ ನಮ್ಮ ಕಡೆಯ ಹಿರಿಯ ಹೆಂಗಸರು ಬೆರಳಿಟ್ಟು ಎಣಿಸುತ್ತಾರೆ. ನಾನೇ ನೋಡಿದ್ದೇನೆ.

ಇಷ್ಟೆಲ್ಲ ಕಾಳಜಿ ಇದ್ದುದರಿಂದಲೇ ನವೆಂಬರಿನಲ್ಲಿ 150 ರೂಪಾಯಿ ಕೊಟ್ಟು ನಿಮ್ಮಿಂದ ಒಂದು ಮಾದರಿ ಹಾಳೆ ತರಿಸಿದೆ. 13×19 ಪುಟ, ಅದರೊಳಗೆ 12×18 ಇಂಚಿನ ವಿನ್ಯಾಸ, 300 ಡಿಪಿಐ, ಅಂದರೆ ವಿನ್ಯಾಸದ ಭಾಗ ಮಾತ್ರ 3600×5400 ಪಿಕ್ಸೆಲ್. ಅಂಚಿನ ಖಾಲಿ ಜಾಗದಲ್ಲಿ ಸರಿಯಾಗಿ 10 ಸೆಂಟಿಮೀಟರಿನ ಒಂದು ಗೆರೆ ಹಾಕಿದ್ದೆ. ಕಾಗದದ ಮೇಲೆ ಅದು 10 ಬಂದರೆ ಎಲ್ಲ ಸರಿ ಇದೆ ಅಂತ ಅರ್ಥ. ಮಾದರಿ ಹಾಳೆಯಲ್ಲಿ ಅದು 10 ಸೆಂಟಿಮೀಟರೇ ಇತ್ತು. ಕಪ್ಪು ಕಪ್ಪಾಗಿಯೇ ಇತ್ತು. ಮಡಚಿದೆ, ಕತ್ತರಿಸಿದೆ, ಅಂಟಿಸಿದೆ, ಏನೂ ತೊಂದರೆ ಆಗಲಿಲ್ಲ. ನಿಜ ಹೇಳಬೇಕಂದರೆ ಆ ಹಾಳೆ ನೋಡಿ ಕಣ್ಣು ತುಂಬಿ ಬಂತು. ಅಷ್ಟು ಚೆನ್ನಾಗಿ ಮಾಡಿದ್ದಿರಿ. ಅದನ್ನು ಒಪ್ಪಿದ್ದೇನೆ ಅಂತ ಬರೆದು, ಅದೇ ಫೈಲನ್ನು 50 ಹಾಳೆಗೆ ಕೊಟ್ಟೆ. ಫೈಲಿನಲ್ಲಿ ಒಂದು ಚುಕ್ಕಿಯನ್ನೂ ಬದಲಿಸಿಲ್ಲ.

ಜನವರಿ 5ರಂದು ಬಂದ ಹಾಳೆಯಲ್ಲಿ ಅದೇ ಗೆರೆ 9.1 ಸೆಂಟಿಮೀಟರ್ ಇದೆ.

ಅನುಮಾನ ಬಂದು ಹಾಳೆಯನ್ನೇ ಅಳೆದೆ. 13×19 ಅಲ್ಲ, 12×18. ನಡೆದದ್ದು ಏನು ಅಂತ ಇದರಿಂದಲೇ ತಿಳಿಯುತ್ತದೆ. ದೊಡ್ಡ ಹಾಳೆ ಇರಲಿಲ್ಲವೋ ಏನೋ, ಸಣ್ಣ ಹಾಳೆ ಹಾಕಿ, ಫೈಲನ್ನು ಅದಕ್ಕೆ ಹಿಡಿಸುವ ಹಾಗೆ ಕುಗ್ಗಿಸಿದ್ದಾರೆ. ಪ್ರಿಂಟರಿನಲ್ಲಿ ‘ಫಿಟ್ ಟು ಪೇಜ್’ ಒತ್ತಿದರೆ ಆಗುವುದೇ ಇದು. ‘ಆಕ್ಚುಯಲ್ ಸೈಜ್’ ಇಡಬೇಕಿತ್ತು. ಆರ್ಡರಿನ ಟಿಪ್ಪಣಿಯಲ್ಲಿ ನಾನು ಬರೆದ ಮೊದಲ ಸಾಲೇ “100% ಅಳತೆಯಲ್ಲಿ ಮುದ್ರಿಸಿ, ಕುಗ್ಗಿಸಬೇಡಿ” ಅಂತ.

ಒಂಬತ್ತು ಮಿಲಿಮೀಟರ್ ತಾನೇ ಅಂತ ಫೋನಿನಲ್ಲಿ ನಿಮ್ಮವರು ಕೇಳಿದರು. ಲೆಕ್ಕ ನೋಡಿ. ನನ್ನ ಕಾರ್ಡ್ ಎ5 ಅಳತೆಯದು, ಮಡಚಿದರೆ ಎ6. ಹೊದಿಸುವ ತುಂಡು 21 ಸೆಂಟಿಮೀಟರ್ ಉದ್ದ, 14.8 ಅಗಲ. 12×18 ಇಂಚಿನ ವಿನ್ಯಾಸ ಅಂದರೆ 30.5×45.7 ಸೆಂಟಿಮೀಟರ್. ಅದರಲ್ಲಿ ನಾಲ್ಕು ತುಂಡು ಸರಿಯಾಗಿ ಬರುತ್ತವೆ. ನೀವು ಕುಗ್ಗಿಸಿದ ಮೇಲೆ ಉಳಿದಿದ್ದು ಸುಮಾರು 27.7×41.6. ಎರಡು ತುಂಡು ಪಕ್ಕ ಪಕ್ಕ ಇಡಲು 29.6 ಬೇಕು. ಹಿಡಿಸುವುದಿಲ್ಲ. ಹೇಗೆ ತಿರುಗಿಸಿ ಇಟ್ಟರೂ ಹಾಳೆಗೆ ಎರಡೇ ತುಂಡು. 200 ಕಾರ್ಡಿಗೆ ಅಂತ ತರಿಸಿದ ಕಾಗದದಲ್ಲಿ 100 ಕಾರ್ಡ್ ಮಾತ್ರ ಆಗುತ್ತದೆ.

ಆ 100 ಆದರೂ ಆದವಾ? ಇಲ್ಲ.

ಬಂದ ಹಾಳೆಗಳ ಮೇಲೆ ಇರುವುದು ಪಿಗ್ಮೆಂಟ್ ಇಂಕ್ ಅಲ್ಲ, ಲೇಸರ್ ಯಂತ್ರದ ಟೋನರ್. ಬೆಳಕಿಗೆ ಓರೆಯಾಗಿ ಹಿಡಿದರೆ ಕಪ್ಪು ಭಾಗ ಮೇಣ ಬಳಿದ ಹಾಗೆ ಹೊಳೆಯುತ್ತದೆ. ಇಂಕ್ ಕಾಗದದೊಳಗೆ ಇಳಿಯುತ್ತದೆ. ಟೋನರ್ ಪುಡಿ ಬಿಸಿಗೆ ಕರಗಿ ಮೇಲೆ ಪದರವಾಗಿ ಕೂರುತ್ತದೆ. ಸಣ್ಣ ಹೂವಿನ ವಿನ್ಯಾಸಕ್ಕಾದರೆ ನಡೆದೀತು. ಪೂರ್ತಿ ಕಪ್ಪು ನೆಲದ ಹಾಳೆಯನ್ನು ಮಡಚಿದರೆ ಆ ಪದರ ಒಡೆಯುತ್ತದೆ. ಕಾಗದ ಮಡಚಲು ಬಳಸುವ ಮೂಳೆಯ ಪಟ್ಟಿಯಿಂದ (ಬೋನ್ ಫೋಲ್ಡರ್) ಮೊದಲೇ ಗೆರೆ ಒತ್ತಿ, ನಿಧಾನವಾಗಿ ಮಡಚಿ ನೋಡಿದೆ. ಆದರೂ ಕಾರ್ಡಿನ ಬೆನ್ನಿನುದ್ದಕ್ಕೂ ಬಿಳಿ ಗೀರು ಬಿತ್ತು. ಉಗುರು ತಾಗಿಸಿದರೆ ಕಪ್ಪು ಪುಡಿಪುಡಿಯಾಗಿ ಉದುರುತ್ತದೆ. ಕಾಗದದ ನಾರಿನ ದಿಕ್ಕೂ ಬೇರೆ. ಮಾದರಿಯಲ್ಲಿ ನಾರು ಮಡಿಕೆಯ ಜೊತೆ ಓಡುತ್ತಿತ್ತು, ಇದರಲ್ಲಿ ಅಡ್ಡ ಓಡುತ್ತದೆ. ಹರಿದು ನೋಡಿದರೆ ಯಾರಿಗಾದರೂ ಗೊತ್ತಾಗುತ್ತದೆ: ನಾರಿನ ದಿಕ್ಕಿಗೆ ಹರಿದರೆ ನೆಟ್ಟಗೆ ಹೋಗುತ್ತದೆ, ಅಡ್ಡ ಹರಿದರೆ ಸೊಟ್ಟಸೊಟ್ಟ. ನಾರಿಗೆ ಅಡ್ಡ ಮಡಚಿದಾಗ ಒಡಕು ಇನ್ನೂ ಜಾಸ್ತಿ. ಹನ್ನೊಂದು ಹಾಳೆ ಕತ್ತರಿಸಿ ನೋಡಿದೆ, ಒಂದು ಕಾರ್ಡೂ ಕೊಡುವಂತಿರಲಿಲ್ಲ. ಆಮೇಲೆ ಕತ್ತರಿ ಕೆಳಗಿಟ್ಟೆ. ಉಳಿದ 39 ಹಾಳೆ ಹಾಗೇ ಇವೆ.

ಈಗ ನಿಮ್ಮ ಮೂರು ಉತ್ತರಗಳ ಬಗ್ಗೆ.

ಮೊದಲನೆಯದು, “ಪರದೆಯ ಮೇಲಿನ ಬಣ್ಣಕ್ಕೂ ಮುದ್ರಣದ ಬಣ್ಣಕ್ಕೂ ವ್ಯತ್ಯಾಸ ಇರುತ್ತದೆ.” ಇದು ನನಗೆ ಗೊತ್ತು. ಪರದೆ ಬೆಳಕಿನಿಂದ ಬಣ್ಣ ತೋರಿಸುತ್ತದೆ, ಕಾಗದ ಇಂಕಿನಿಂದ. ಗಾಢ ಹಸಿರು, ನೀಲಿ ಸ್ವಲ್ಪ ಮಂಕಾಗುವುದು ಸಹಜ. ಆದರೆ ನಾನು ಪರದೆಯನ್ನು ಕಾಗದದ ಜೊತೆ ಹೋಲಿಸುತ್ತಿಲ್ಲ. ನೀವೇ ಮುದ್ರಿಸಿದ ಕಾಗದವನ್ನು ನೀವೇ ಮುದ್ರಿಸಿದ ಇನ್ನೊಂದು ಕಾಗದದ ಜೊತೆ ಇಟ್ಟು ನೋಡುತ್ತಿದ್ದೇನೆ. ಒಂದೇ ಫೈಲ್, ಒಂದೇ ಕಂಪನಿ. ಮಾದರಿಯಲ್ಲಿ ಕುಂಕುಮದ ಕೆಂಪು ಇದ್ದ ಆನೆಯ ಜೂಲು (ಬೆನ್ನಿಗೆ ಹೊದಿಸುವ ಬಟ್ಟೆ) ಇದರಲ್ಲಿ ಕಿತ್ತಳೆ ಆಗಿದೆ. ಮತ್ತೆ, ಅಳತೆ ಕುಗ್ಗಿದ್ದಕ್ಕೂ ಪರದೆಯ ಬಣ್ಣಕ್ಕೂ ಏನು ಸಂಬಂಧ?

ಎರಡನೆಯದು, “ಗ್ರಾಹಕರ ಫೈಲಿನಿಂದ ಮುದ್ರಿಸಿದ್ದನ್ನು ವಾಪಸ್ ತಗೊಳ್ಳುವುದಿಲ್ಲ.” ಫೈಲ್ ತಪ್ಪಿದ್ದರೆ ನಾನು ಬಾಯಿ ತೆರೆಯುತ್ತಿರಲಿಲ್ಲ. ತಪ್ಪಿದ್ದು ಹಾಳೆ, ತಪ್ಪಿದ್ದು ಯಂತ್ರ, ತಪ್ಪಿದ್ದು ಅಳತೆ. 2020ರ ಗ್ರಾಹಕ ಸಂರಕ್ಷಣಾ ಇ-ಕಾಮರ್ಸ್ ನಿಯಮಗಳ ಪ್ರಕಾರ, ದೋಷ ಇರುವ ಅಥವಾ ಹೇಳಿದ ಗುಣ ಇಲ್ಲದ ಮಾಲನ್ನು ಮಾರಿದವರು ವಾಪಸ್ ತಗೊಳ್ಳುವುದಿಲ್ಲ, ಹಣ ಕೊಡುವುದಿಲ್ಲ ಅನ್ನುವಂತಿಲ್ಲ.

ಮೂರನೆಯದು ನನಗೆ ಬಹಳ ನೋವು ಕೊಟ್ಟಿತು. “ನೀವು ವ್ಯಾಪಾರಕ್ಕೆ ಕೊಂಡಿದ್ದೀರಿ, ಹಾಗಾಗಿ ಗ್ರಾಹಕರ ಹಕ್ಕು ನಿಮಗಿಲ್ಲ” ಅಂತ ಬರೆದಿದ್ದೀರಿ. ನನ್ನದು ಕಾರ್ಖಾನೆಯಲ್ಲ. ಮನೆಯ ಊಟದ ಮೇಜಿನ ಮೇಲೆ ಕೂತು, ಕತ್ತರಿಸಿ, ಅಂಟಿಸಿ, ಒಬ್ಬಳೇ ಕಾರ್ಡ್ ಮಾಡುತ್ತೇನೆ. ಇದೇ ನನ್ನ ದುಡಿಮೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ‘ಗ್ರಾಹಕ’ ಅಂದರೆ ಯಾರು ಅಂತ ಹೇಳುವಾಗ, ಸ್ವಯಂ ಉದ್ಯೋಗದಿಂದ ಜೀವನ ನಡೆಸಲೆಂದೇ ಕೊಂಡು ಬಳಸುವವರನ್ನು ವ್ಯಾಪಾರದ ಲೆಕ್ಕಕ್ಕೆ ಸೇರಿಸುವುದಿಲ್ಲ. ನನ್ನಂಥವರಿಗಾಗಿಯೇ ಆ ಮಾತನ್ನು ಕಾಯ್ದೆಯಲ್ಲಿ ಬಿಡಿಸಿ ಬರೆದಿದ್ದಾರೆ.

ಈ ಸಲದ ಹಬ್ಬಕ್ಕೆ ನನಗೆ 180 ಕಾರ್ಡಿನ ಬೇಡಿಕೆ ಇತ್ತು. ಅದರಲ್ಲಿ 120 ಪುಣೆಯಲ್ಲಿರುವ ಒಂದು ಕನ್ನಡ ಕುಟುಂಬದ್ದು. ಕುಸುರೆಳ್ಳಿನ ಪುಟ್ಟ ಪೊಟ್ಟಣದ ಜೊತೆ ತಮ್ಮ ಬಂಧು ಬಳಗಕ್ಕೆ ಹಂಚಬೇಕು ಅಂತ ಕೇಳಿದ್ದರು. ಅವರಿಗೆ ಫೋನ್ ಮಾಡಿ ಆಗಲ್ಲ ಅಂತ ಹೇಳಿ, ಮುಂಗಡ ವಾಪಸ್ ಕೊಟ್ಟೆ. ಉಳಿದ 60ಕ್ಕೆ ಮನೆಯ ಸಣ್ಣ ಇಂಕ್‌ಜೆಟ್ ಪ್ರಿಂಟರಿನಲ್ಲಿ ಎ4 ಹಾಳೆ ಹಾಕಿ ಪ್ರಯತ್ನಿಸಿದೆ. ಆ ಪ್ರಿಂಟರ್ ಅಂಚು ಬಿಟ್ಟು ಮುದ್ರಿಸುತ್ತದೆ, ಅದಕ್ಕೆ ಕಾರ್ಡಿನ ಅಳತೆಯನ್ನೇ ಚಿಕ್ಕದು ಮಾಡಬೇಕಾಯಿತು. ಅದರ ಡೈ ಇಂಕಿಗೆ ನೀರು ತಾಗಿದರೆ ಹರಡುತ್ತದೆ, ಫೆವಿಕಾಲ್ ಹಚ್ಚುವಂತಿಲ್ಲ, ಎಲ್ಲ ಡಬಲ್ ಟೇಪಿನಲ್ಲೇ ಅಂಟಿಸಿದೆ. ಮೂರು ರಾತ್ರಿ ನಿದ್ದೆಗೆಟ್ಟು 40 ಕಾರ್ಡ್ ಮುಗಿಸಿದೆ. ಇನ್ನು 20 ಜನ ಕಾದು ಸುಮ್ಮನಾದರು. ಒಬ್ಬರೂ ಬೈಯಲಿಲ್ಲ, ಅದೇ ನನಗೆ ಹೆಚ್ಚು ಬೇಜಾರು.

ನೀವು ಕೊಡುತ್ತೇನೆ ಅಂದ 10% ಕೂಪನ್ ನನಗೆ ಬೇಡ. 3,380 ರೂಪಾಯಿ ಪೂರ್ತಿ ವಾಪಸ್ ಕೊಡಿ. ಅಥವಾ ಮಾದರಿಯಂತೆಯೇ 50 ಹಾಳೆ ಹೊಸದಾಗಿ ಮುದ್ರಿಸಿ, ನಿಮ್ಮ ಖರ್ಚಿನಲ್ಲಿ ಕಳಿಸಿ. ಸಂಕ್ರಾಂತಿ ಹೋಯಿತು, ಆದರೆ ಆ ಕಾಗದ ನನಗೆ ಮುಂದೆಯೂ ಬೇಕು, ಆದ್ದರಿಂದ ಎರಡನೆಯದಕ್ಕೂ ನಾನು ಸಿದ್ಧ. ಹಾಗೆ ಮಾಡುವುದಾದರೆ ಮೊದಲ ಹಾಳೆ ಬಂದ ಕೂಡಲೇ 10 ಸೆಂಟಿಮೀಟರ್ ಗೆರೆಯ ಮೇಲೆ ಸ್ಕೇಲ್ ಇಟ್ಟು ಫೋಟೋ ತೆಗೆದು ನನಗೆ ಕಳಿಸಿ, ನಾನು ಸರಿ ಅಂದ ಮೇಲೆ ಉಳಿದ 49 ಹಾಕಿ. ಕತ್ತರಿಸಿ ಹಾಳಾದ ಕಾರ್ಡುಗಳ ಒಳಗಿನ ಬಿಳಿ 300 ಜಿಎಸ್‌ಎಂ ತಳದ ಖರ್ಚನ್ನು ನಾನು ಕೇಳುತ್ತಿಲ್ಲ.

ಇನ್ನೊಂದು ವಿಷಯ, ಇದು ನನಗೊಬ್ಬಳಿಗೆ ಅಲ್ಲ. ದೊಡ್ಡ ಹಾಳೆ ಮುಗಿದಿದ್ದರೆ, ಯಂತ್ರ ಕೆಟ್ಟಿದ್ದರೆ, ಒಂದು ಫೋನ್ ಮಾಡಿ ಕೇಳಿ. ಕಾಯುತ್ತೇನೆ ಅಂತಲೋ ಬೇಡ ಅಂತಲೋ ನಾವೇ ಹೇಳುತ್ತೇವೆ. ಕೇಳದೆ ಬದಲಿಸಬೇಡಿ. ನಿಮ್ಮ ಆರ್ಡರ್ ಪುಟದಲ್ಲಿ ಯಂತ್ರ ಯಾವುದು, ಹಾಳೆಯ ನಾರು ಯಾವ ಕಡೆ ಅಂತ ಒಂದು ಸಾಲು ಹಾಕಿದರೆ ಕಾರ್ಡ್ ಮಾಡುವ ಎಷ್ಟೋ ಜನರ ಕಾಗದ ಉಳಿಯುತ್ತದೆ.

ಮೇಲೆ ಹೇಳಿದ 2020ರ ಇ-ಕಾಮರ್ಸ್ ನಿಯಮಗಳ ಪ್ರಕಾರ ದೂರು ತಲುಪಿದ್ದನ್ನು 48 ಗಂಟೆಯೊಳಗೆ ತಿಳಿಸಬೇಕು, ಒಂದು ತಿಂಗಳೊಳಗೆ ಪರಿಹಾರ ಕೊಡಬೇಕು. ಅಷ್ಟರಲ್ಲಿ ಆಗದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡುತ್ತೇನೆ, ಅಲ್ಲೂ ಆಗದಿದ್ದರೆ ಜಿಲ್ಲಾ ಗ್ರಾಹಕ ಆಯೋಗಕ್ಕೆ ಹೋಗುತ್ತೇನೆ. 5 ಲಕ್ಷದವರೆಗಿನ ವ್ಯವಹಾರಕ್ಕೆ ಅಲ್ಲಿ ಶುಲ್ಕ ಇಲ್ಲ. ಅಲ್ಲಿಯವರೆಗೆ ಹೋಗಲು ನನಗೆ ಇಷ್ಟವಿಲ್ಲ. ನವೆಂಬರಿನ ಆ ಒಂದು ಹಾಳೆಯನ್ನು ನೀವೇ ಮಾಡಿದ್ದೀರಿ, ಮತ್ತೆ ಮಾಡಬಲ್ಲಿರಿ ಅಂತ ನನಗೆ ಗೊತ್ತು.

ಈ ಪತ್ರದ ಜೊತೆ ಬಿಲ್, ಆರ್ಡರ್ ಟಿಪ್ಪಣಿಯ ಪ್ರತಿ, ಎರಡೂ ಹಾಳೆಯ ಗೆರೆಗೆ ಸ್ಕೇಲ್ ಹಿಡಿದ ಫೋಟೋ, ಮಡಿಕೆಯ ಒಡಕಿನ ಹತ್ತಿರದ ಫೋಟೋ ಇಟ್ಟಿದ್ದೇನೆ. 39 ಹಾಳೆಗಳನ್ನು ರಟ್ಟಿನ ನಡುವೆ ಕಟ್ಟಿ ಇಟ್ಟಿದ್ದೇನೆ. ನಿಮ್ಮ ಕೊರಿಯರಿನವರು ಯಾವ ದಿನ ಬಂದರೂ ಕೊಡುತ್ತೇನೆ. ಮಾದರಿ ಹಾಳೆಯನ್ನು ಮಾತ್ರ ಕೊಡುವುದಿಲ್ಲ, ಅದು ನನ್ನ ಹತ್ತಿರವೇ ಇರುತ್ತದೆ.

ಇಂತಿ,
ನಿಮ್ಮ ಗ್ರಾಹಕಿ
ಧಾರವಾಡ