ಮೇಲೆ ಚಪ್ಪೆ, ಕೆಳಗೆ ಉಪ್ಪು

ಕಳೆದ ಭಾನುವಾರ ಸಂಜೆ ಗಜನಿಯ, ಅಂದರೆ ಅಳಿವೆಯಂಚಿನಲ್ಲಿ ಉಪ್ಪುನೀರು ಬಂದುಹೋಗುವ ಗದ್ದೆಯ, ಒಡ್ಡಿನ ಮೇಲೆ ಎರಡು ಬಿಳಿ ಪಂಚೆ ಸೇರಿಸಿ ಹೊಲಿದು ಕಟ್ಟಿದ ಪರದೆಯಲ್ಲಿ ನಮ್ಮ ಆರು ನಿಮಿಷದ ಅನಿಮೇಶನ್ ಚಿತ್ರ ಓಡಿತು. ಗಾಳಿಗೆ ಪಂಚೆ ಉಬ್ಬಿದಾಗಲೆಲ್ಲ ಚಿತ್ರದೊಳಗಿನ ಹೊಳೆಯೂ ಉಬ್ಬಿತು. ಅದು ನಾವು ಬರೆದದ್ದಲ್ಲ, ಆದರೂ ಚಪ್ಪಾಳೆ ಬಿತ್ತು, ಸುಮ್ಮನೆ ತಗೊಂಡೆವು. ಎರಡು ಮಳೆಗಾಲ ತಿಂದ ಕೆಲಸ ಮುಗಿದಿದೆ. ಯಾರಿಗೆ ಏನು ಋಣ ಅಂತ ಮರೆಯುವ ಮೊದಲೇ ಬರೆದುಬಿಡುತ್ತೇನೆ.

ನೋಡದವರಿಗಾಗಿ ಎರಡು ಮಾತು. ಚಿತ್ರದಲ್ಲಿರುವುದು ಇಬ್ಬರೇ, ಸಿಹಿನೀರು ಮತ್ತು ಉಪ್ಪುನೀರು. ಮಾತಿಲ್ಲ. ಒಬ್ಬಳು ಶಿರಸಿಯ ಶಂಕರಹೊಂಡದ ಕಡೆಯಿಂದ ಹೊರಟು, ಉಂಚಳ್ಳಿಯಲ್ಲಿ 116 ಮೀಟರ್ ಧುಮುಕಿ, ಯಾವ ಅಣೆಕಟ್ಟಿಗೂ ಸಿಗದೆ ಅಘನಾಶಿನಿಯಾಗಿ ಇಳಿದು ಬರುವವಳು. ಇನ್ನೊಬ್ಬ ತದಡಿಯ ಅಳಿವೆ ಬಾಯಿಂದ ದಿನಕ್ಕೆ ಎರಡು ಸಲ ಒಳಗೆ ಬಂದು ಎರಡು ಸಲ ವಾಪಸ್ ಹೋಗುವವನು. ಅವಳಿಗೆ ಇವನ ಉಪ್ಪು ಆಗದು, ಇವನಿಗೆ ಅವಳ ಗಡಿಬಿಡಿ ಆಗದು. ಹಾಗಿದ್ದವರು ಕೊನೆಗೆ ಹೇಗೆ ಹೊಂದಿಕೊಂಡರು ಎನ್ನುವುದು ಕತೆ. ಆ 'ಹೇಗೆ' ಎನ್ನುವಲ್ಲೇ ನಾವು ಹೆಚ್ಚುಕಮ್ಮಿ ಒಂದು ವರ್ಷ ಹೂತುಹೋದೆವು.

ನಾವು ಅಂದರೆ ಕುಮಟಾ ಕಡೆಯ ನಾನು ಮತ್ತು ಶಿರಸಿಯ ನನ್ನ ಗೆಳತಿ. ನಮ್ಮ ಅಳಿವೆ ರಾಮ್ಸರ್ ಪಟ್ಟಿಗೆ, ಅಂದರೆ ಜಗತ್ತಿನ ಮುಖ್ಯ ಜೌಗುಪ್ರದೇಶಗಳ ಪಟ್ಟಿಗೆ, ಸೇರಿತು ಅಂತ 2024ರ ಜನವರಿಯಲ್ಲಿ ಸುದ್ದಿ ಬಂತಲ್ಲ, ಆ ವಾರವೇ ಅವಳು ಫೋನ್ ಮಾಡಿ "ನಮ್ಮ ಹೊಳೆ ಮೇಲೆ ಒಂದು ಚಿತ್ರ ಮಾಡುವನಾ?" ಅಂದಳು. ನಮ್ಮ ಹೊಳೆ! ಅವಳ ಪ್ರಕಾರ ಹೊಳೆ ಅಂದರೆ ಬಂಡೆ, ಕಾಡು, ಜಿಗಣೆ. ನನಗೆ ಹೊಳೆ ಅಂದರೆ ದೋಣಿ, ಕೆಸರು, ಆಚೆ ದಡ ಕಾಣದಷ್ಟು ಅಗಲ. ಕಾಗದದ ಮೇಲೂ ಹಾಗೇ. ಅವಳದು ಪೆನ್ಸಿಲ್ಲಿನ ಸಣ್ಣ ಗೆರೆ, ಪ್ರತಿ ಹಾಳೆಗೂ ನಂಬರು. ನನ್ನದು ದಪ್ಪ ಬ್ರಷ್ಷು, ಶಾಯಿ, ನಂಬರು ಹಾಕಲು ಮರೆತ ಹಾಳೆಗಳ ರಾಶಿ. ಸೆಕೆಂಡಿಗೆ 24 ಫ್ರೇಮಿಗೂ ಬೇರೆ ಬೇರೆ ಚಿತ್ರ ಬೇಕೆಂದು ಅವಳ ಹಟ. ಒಂದು ಚಿತ್ರವನ್ನು ಎರಡು ಫ್ರೇಮು ನಿಲ್ಲಿಸಿದರೆ 12 ಸಾಕು, ಕೈಯಾದರೂ ಉಳಿಯುತ್ತದೆ ಎಂದು ನಾನು. ಮಾತು ಬಿಟ್ಟು ಹದಿನೈದು ದಿನ ಕಳೆದವು. ಆಮೇಲೆ ಅವಳೇ ಒಂದು ತುಣುಕು ಕಳಿಸಿದಳು: ಅವಳ ಸಿಹಿನೀರು 24ರಲ್ಲಿ, ನನ್ನ ಉಪ್ಪುನೀರು 12ರಲ್ಲಿ, ಒಂದೇ ಚೌಕಟ್ಟಿನೊಳಗೆ. ಅವಳು ಪುರುಸೊತ್ತಿಲ್ಲದೆ ಓಡುತ್ತಾಳೆ, ಇವನು ಹೊಟ್ಟೆ ತುಂಬಿದವನ ಹಾಗೆ ತೂಗಿಕೊಂಡು ಬರುತ್ತಾನೆ. ಎರಡು ಪಾತ್ರಗಳು ಹುಟ್ಟಿದ್ದು ಆ ಹೊತ್ತಿಗೆ. ಗೆಳತಿಗೆ ಧನ್ಯವಾದ ಹೇಳಿದರೆ ಬೈಯುತ್ತಾಳೆ. ಅದಕ್ಕೇ ಇಲ್ಲಿ, ಹತ್ತು ಜನರೆದುರು ಹೇಳುತ್ತಿದ್ದೇನೆ.

ಆದರೂ ಚಿತ್ರದ ನಡುಭಾಗ ಸುಳ್ಳಾಗಿತ್ತು. ಎರಡೂ ನೀರು ಮಿರ್ಜಾನಿನ ಹತ್ತಿರ ಎದುರುಬದುರಾಗಿ ಎದೆ ಕೊಟ್ಟು ಗುದ್ದಾಡುತ್ತವೆ, ನೊರೆ ಹಾರುತ್ತದೆ, ಆಮೇಲೆ ಸುಸ್ತಾಗಿ ರಾಜಿಯಾಗುತ್ತವೆ. ಹಾಗಂತ ನಾವು ನಾನೂರು ಚಿಲ್ಲರೆ ಹಾಳೆ ಬರೆದಿದ್ದೆವು. ಒಂದು ದಿನ ಇಳಿತದ ಹೊತ್ತಿಗೆ ಬಳಚು (ಕೆಸರಿನಲ್ಲಿ ಸಿಗುವ ಚಿಪ್ಪುಮೀನು) ಹೆಕ್ಕುತ್ತಿದ್ದ ಅಕ್ಕನೊಬ್ಬರಿಗೆ ಫೋನಿನಲ್ಲಿ ಅದನ್ನು ತೋರಿಸಿದೆ. ಸೊಂಟಮಟ್ಟ ನೀರಿನಲ್ಲಿ ನಿಂತೇ ನೋಡಿದರು, ಕೈ ಒದ್ದೆ ಅಂತ ಫೋನು ಮುಟ್ಟಲಿಲ್ಲ.

"ಚೆಂದ ಉಂಟು. ಆದರೆ ಹಾಂಗೆ ಬರೂದಿಲ್ಲ ಅದು," ಅಂದರು. "ಉಪ್ಪುನೀರು ಎದುರಿಂದ ಬರೂದಲ್ಲ. ಕಾಲಬುಡದಲ್ಲಿ ಬರೂದು. ಮೇಲೆ ಚಪ್ಪೆ, ಕೆಳಗೆ ಉಪ್ಪು. ನಮ್ಮ ಕಾಲಿಗೆ ಗೊತ್ತಾಗ್ತದೆ."

ಮನೆಗೆ ಬಂದು ಗಾಜಿನ ಲೋಟದಲ್ಲಿ ಮಾಡಿ ನೋಡಿದೆ. ನೀಲಿ ಹಾಕಿದ ಉಪ್ಪುನೀರನ್ನು ಬದಿಯಿಂದ ಮೆಲ್ಲಗೆ ಬಿಟ್ಟರೆ ಅದು ತನ್ನ ಭಾರಕ್ಕೆ ತಳ ಹಿಡಿಯಿತು, ಸಿಹಿನೀರು ಮೇಲೇ ಉಳಿಯಿತು. ನಡುವೆ ಒಂದು ನಡುಗುವ ಗೆರೆ. ಬೆರೆತದ್ದು ಆ ಗೆರೆಯಲ್ಲಿ, ಅಷ್ಟಷ್ಟೇ. ಶಾಲೆಯಲ್ಲಿ ಸಾಂದ್ರತೆ ಅಂತ ಬರೆದು ಅಂಕ ತಗೊಂಡವಳು ನಾನು, ಹೊಳೆಯ ದಡದಲ್ಲೇ ಬೆಳೆದವಳು ಬೇರೆ. ಎರಡನ್ನೂ ಕೂಡಿಸಿ ನೋಡಲು ಅಕ್ಕನ ಕಾಲು ಬೇಕಾಯಿತು. ನಾನೂರು ಹಾಳೆ ಬದಿಗಿಟ್ಟೆವು. ಈಗ ಚಿತ್ರದಲ್ಲಿ ಜಗಳವಿಲ್ಲ. ಅವಳು ಮೇಲಿಂದ ಹಾದು ಹೊರಗೆ ಹೋಗುತ್ತಾಳೆ, ಇವನು ಅಡಿಯಿಂದ ನುಸುಳಿ ಒಳಗೆ ಬರುತ್ತಾನೆ, ನಡುವಿನ ಗೆರೆಯನ್ನು ಗೆಳತಿಯ ಪೆನ್ಸಿಲ್ಲು ನನ್ನ ಬ್ರಷ್ಷು ಎರಡೂ ಸೇರಿ ಬರೆದಿವೆ. ಅಕ್ಕ ಭಾನುವಾರ ಮೊದಲ ಸಾಲಿನಲ್ಲೇ ಕೂತಿದ್ದರು. ಆ ದೃಶ್ಯ ಬಂದಾಗ ಪಕ್ಕದವರಿಗೆ "ಇದು ನಾ ಹೇಳಿದ್ದು" ಅಂದದ್ದು ನನಗೂ ಕೇಳಿತು. ಹೌದು ಅಕ್ಕಾ, ನೀವು ಹೇಳಿದ್ದೇ.

ಕೊನೆಯ ದೃಶ್ಯದ ಗಜನಿ ಮಾಣಿಕಟ್ಟಾದ ಕಗ್ಗ ಬೆಳೆಗಾರರೊಬ್ಬರ ಕೊಡುಗೆ. ಮಳೆಗಾಲದಲ್ಲಿ ಗದ್ದೆಯ ಉಪ್ಪು ತೊಳೆದು ಸಿಹಿನೀರು ನಿಂತಾಗ ಕಗ್ಗ ಬೆಳೆಯುತ್ತದೆ. ನಡುನಡುವೆ ಉಪ್ಪು ನುಗ್ಗಿದರೂ, ನೆರೆ ಮುಳುಗಿಸಿದರೂ ತಡೆದುಕೊಳ್ಳುವ ಭತ್ತ ಅದು. ನೀರಲ್ಲಿ ನಿಂತು ತೆನೆಯಷ್ಟನ್ನೇ ಕೊಯ್ದ ಮೇಲೆ ತೂಬಿನ ಹಲಗೆ ಎತ್ತಿದರೆ ಭರತದ ನೀರಿನ ಜೊತೆ ಸಿಗಡಿ, ಮೀನು ಒಳಗೆ ಬರುತ್ತವೆ. ಉಳಿದ ಹುಲ್ಲು ಕೊಳೆತು ಅವಕ್ಕೆ ಮೇವು, ಅವುಗಳ ಹಿಕ್ಕೆ ಮುಂದಿನ ಭತ್ತಕ್ಕೆ ಗೊಬ್ಬರ. "ಒಂದೇ ಮನೆ, ಇಬ್ಬರು ಬಾಡಿಗೆಯವರು" ಅಂತ ಅವರು ನಕ್ಕರು. ಆ ಮಾತನ್ನೇ ಚಿತ್ರ ಮಾಡಿದೆವು. ಒಡ್ಡಿನ ಮೇಲೆ ಪರದೆ ಕಟ್ಟಲು ಬಿಟ್ಟವರೂ ಅವರೇ.

ಶಿರಸಿಯ ಆಯಿಗೆ, ಅಂದರೆ ಗೆಳತಿಯ ಅಮ್ಮನಿಗೆ, ಪ್ರತ್ಯೇಕ ನಮಸ್ಕಾರ. ದೇವಿಮನೆ ಘಟ್ಟದ ರಸ್ತೆ ಕಾಮಗಾರಿಗೆ ಮುಚ್ಚಿದ್ದಾಗ ನಾನು ಸುತ್ತು ಹಾಕಿ ಅವರ ಮನೆಗೆ ತಲುಪಿದ ದಿನ, ಘಟ್ಟದ ಮಳೆಗೆ ಟ್ರೇಸಿಂಗ್ ಹಾಳೆಗಳು ತೇವ ಹಿಡಿದು ಅಲೆ ಎದ್ದಿದ್ದವು, ಕೆಲವಕ್ಕೆ ಬೂಸಲು. ಆಯಿ ಒಂದು ಮಾತಾಡದೆ ಬಚ್ಚಲೊಲೆಯ ಮೇಲಿನ ಅಟ್ಟದಲ್ಲಿ ಹಾಳೆ ಹರವಿದರು. "ತಂಗೀ, ಹೊಗೆ ವಾಸನೆ ಬಂದರೆ ನನ್ನ ಬೈಯಬೇಡ." ಈಗಲೂ ಆ ಹಾಳೆಗಳ ಕಟ್ಟು ಬಿಚ್ಚಿದರೆ ಬಚ್ಚಲೊಲೆ ಮೂಗಿಗೆ ಬಡಿಯುತ್ತದೆ. ಉಂಚಳ್ಳಿಯ ಸದ್ದು ಹಿಡಿಯಲು ನಮ್ಮನ್ನು ಕರೆದೊಯ್ದವರು ಗೆಳತಿಯ ಅಪ್ಪಯ್ಯ. ಹತ್ತಿರ ಹೋದರೆ ಬರೀ ಮೊರೆತ, ಮೈಕಿಗೆ ಬೇರೇನೂ ಸಿಗಲಿಲ್ಲ. ಕೆಪ್ಪಜೋಗ ಎಂಬ ಇನ್ನೊಂದು ಹೆಸರು ಸುಮ್ಮನೆ ಬಂದದ್ದಲ್ಲ. ಅವರು ದೂರದ ತೋಟದ ಅಂಚಿಗೆ ನಿಲ್ಲಿಸಿ "ಇಲ್ಲಿಂದ ಕೇಳಿ" ಅಂದರು. ಚಿತ್ರದಲ್ಲಿರುವುದು ಆ ಸದ್ದು. ಮುಗಿದ ಚಿತ್ರ ನೋಡಿ ಅವರು "ಅಡ್ಡಿಲ್ಲೆ" ಅಂದರು. ಶಿರಸಿಯಲ್ಲಿ ಅದಕ್ಕಿಂತ ದೊಡ್ಡ ಪ್ರಶಸ್ತಿ ಇಲ್ಲ.

ಹಣ ಕೊಡುತ್ತೇವೆಂದು ಕರೆದು, ಕೊನೆಯಲ್ಲಿ ಇಬ್ಬರೂ ಕೈಕುಲುಕಬೇಕು, ಮಕ್ಕಳಿಗೆ ಸಂದೇಶ ಹೋಗಬೇಕು ಎಂದವರೊಬ್ಬರಿದ್ದರು. ನೀರಿಗೆ ಕೈ ಎಲ್ಲಿಂದ ತರಲಿ? ಹಣ ಬರಲಿಲ್ಲ. ಅವರಿಗೂ ಧನ್ಯವಾದ, ಅಂದಿನ ಸಿಟ್ಟಿನಲ್ಲಿ ಒಂದೇ ರಾತ್ರಿ 60 ಹಾಳೆ ಬರೆದಿದ್ದೇನೆ.

ನನ್ನ ಅಮ್ಮನಿಗೆ, ಎರಡು ವರ್ಷ "ಇದಕ್ಕೆ ಸಂಬಳ ಎಷ್ಟು?" ಅಂತ ಕೇಳುತ್ತಲೇ ಊಟಕ್ಕೆ ಕರೆದದ್ದಕ್ಕೆ. ಪ್ರೊಜೆಕ್ಟರ್ ಕೊಟ್ಟ ಮೇಷ್ಟ್ರಿಗೆ, ಮಧ್ಯೆ ಕರೆಂಟು ಹೋದಾಗ ಜನರೇಟರ್ ಹೊತ್ತು ತಂದ ದೋಣಿಯ ಅಣ್ಣಂದಿರಿಗೆ.

ಆಯಿ ಏನೂ ಬೇಡ ಅಂದಿದ್ದರು. ಬಿಡದೆ ಕೇಳಿದ್ದಕ್ಕೆ "ಮಿಡಿ ಹಾಕಲಿಕ್ಕೆ ನಿಮ್ಮ ಸಾಣಿಕಟ್ಟಾದ ಉಪ್ಪು ತಂದುಕೊಡು" ಅಂದರು. ಒಂದು ಚೀಲ ನಿನ್ನೆ ಕುಮಟಾ ಬಸ್ಸಿಗೆ ಹಾಕಿದ್ದೇನೆ. ಅಪ್ಪೆಮಿಡಿ ಭರಣಿ ಯಾವಾಗ ಘಟ್ಟ ಇಳಿಯುತ್ತದೆ ಅಂತ ಗೆಳತಿಯನ್ನು ಕೇಳಿದೆ. ಇನ್ನೂ ಉತ್ತರ ಬಂದಿಲ್ಲ.

ಮುಂದಿನ ಶನಿವಾರ ಅದೇ ಒಡ್ಡಿನ ಮೇಲೆ ಇನ್ನೊಮ್ಮೆ ತೋರಿಸುತ್ತೇವೆ. ಕೂರಲು ಚಾಪೆ ನೀವೇ ತನ್ನಿ. ಇಳಿತ ಇರುವಾಗಲೇ ಬಂದುಬಿಡಿ, ಭರತ ಏರಿದರೆ ಕಾಲುದಾರಿ ಮುಳುಗುತ್ತದೆ.