ಲಂಡನ್ನಿಗೆ ಹೊರಟ ಅನುಗೆ

ಮೈಸೂರು

ಪ್ರೀತಿಯ ಅನು,

ದೊಡ್ಡಜ್ಜಿಯ ಆಶೀರ್ವಾದ. ಕನ್ನಡ ಓದುವುದು ನಿನಗೆ ಸ್ವಲ್ಪ ನಿಧಾನ ಅಂತ ನಿನ್ನಮ್ಮ ಹೇಳಿದ್ದಾಳೆ. ಅದಕ್ಕೇ ಚಿಕ್ಕ ಚಿಕ್ಕ ವಾಕ್ಯಗಳಲ್ಲಿ ಬರೆಯುತ್ತಿದ್ದೇನೆ. ಅವಸರ ಬೇಡ, ಕೂತು ಓದು.

ಕ್ಲಾಪಮ್‌ನಲ್ಲಿ ಮನೆ ಮಾಡುತ್ತೀಯಂತೆ. ಆಸ್ಟ್ರೇಲಿಯಾದ ನಿನ್ನ ಊರು ಜೀಲಾಂಗ್‌ನ ಸ್ನೇಹಿತೆಯರೆಲ್ಲ ಅಲ್ಲೇ ಇದ್ದಾರಂತೆ. ಕೇಳಿ ಖುಷಿಯಾಯಿತು. ಜೊತೆಗೆ ಲಂಡನ್ನಿನಲ್ಲೇ ಇರುವ ಅರ್ಲ್ಸ್ ಕೋರ್ಟ್‌ ಬಡಾವಣೆಯ ನನ್ನ ಹಳೆಯ ರೂಮು ನೆನಪಾಗಿ ಆ ರಾತ್ರಿ ನಿದ್ದೆಯೇ ಬರಲಿಲ್ಲ.

ನಾನು ನರ್ಸ್ ಆಗಿ ಲಂಡನ್ನಿಗೆ ಹೋಗಿದ್ದು 1975ರಲ್ಲಿ. ನನ್ನ ವಾರ್ಡಿನಲ್ಲಿ ಆಸ್ಟ್ರೇಲಿಯಾದ ಹುಡುಗಿಯರು ಜಾಸ್ತಿ. ಅವರೇ ನನ್ನನ್ನು ತಮ್ಮ ಮನೆಗೆ ಸೇರಿಸಿಕೊಂಡರು. ಅರ್ಲ್ಸ್ ಕೋರ್ಟ್‌ಗೆ ಆಗ ಎಲ್ಲರೂ 'ಕಾಂಗರೂ ವ್ಯಾಲಿ' ಅನ್ನುತ್ತಿದ್ದರು. ಅಲ್ಲೇ ಯಾಕೆ ಅಷ್ಟೊಂದು ಜನ ಸೇರಿದ್ದರು ಗೊತ್ತಾ? ವಿಕ್ಟೋರಿಯಾ ರಾಣಿಯ ಕಾಲದ ಎತ್ತರದ ಮನೆಗಳು ಅಲ್ಲಿ ಸಾಲು ಸಾಲಾಗಿದ್ದವು. ಮಾಲೀಕರು ಅವನ್ನು ಒಂದೊಂದೇ ರೂಮಾಗಿ ಒಡೆದು ಬಾಡಿಗೆಗೆ ಬಿಟ್ಟಿದ್ದರು. ವಾರದ ಬಾಡಿಗೆ. ಮೂಲೆಯಲ್ಲಿ ಒಂದು ಗ್ಯಾಸ್ ಒಲೆ. ಮೀಟರಿಗೆ ನಾಣ್ಯ ಹಾಕಿದರೆ ಮಾತ್ರ ಬಿಸಿ. ಹತ್ತಿರದ ಕ್ರಾಮ್ವೆಲ್ ರಸ್ತೆಯಲ್ಲಿ 1974ರವರೆಗೂ ಒಂದು ಏರ್ ಟರ್ಮಿನಲ್ ಇತ್ತು. ಹೀಥ್ರೋ ವಿಮಾನ ನಿಲ್ದಾಣದಿಂದ ಬಸ್ಸು ಬಂದು ಅಲ್ಲೇ ಇಳಿಸುತ್ತಿತ್ತು. ಹೊಸಬರು ಚೀಲ ಹೊತ್ತು ನಡೆದೇ ರೂಮು ಹುಡುಕಬಹುದಿತ್ತು. ಮೊದಲು ಬಂದವರು ಊರಿಗೆ ಕಾಗದ ಬರೆದರು, ಮುಂದಿನವರು ಅದೇ ವಿಳಾಸಕ್ಕೆ ಬಂದರು. ಊರ ಮೇಲೆ ಪ್ರೀತಿ ಇದ್ದೇ ಇರುತ್ತೆ. ಆದರೆ ಜನರನ್ನು ಒಂದೇ ಕಡೆ ಸೇರಿಸಿದ್ದು ಅಗ್ಗದ ಬಾಡಿಗೆ ಮತ್ತು ಆ ಬಸ್ಸು.

ಆ ಹುಡುಗಿಯರ ಋಣ ನಾನು ಮರೆಯುವುದಿಲ್ಲ. ಚಳಿಗಾಲದ ಕೋಟು ಎಲ್ಲಿ ಸಿಗುತ್ತೆ, ಬ್ಯಾಂಕಿನಲ್ಲಿ ಏನು ಕೇಳಬೇಕು, ಎಲ್ಲ ಹೇಳಿಕೊಟ್ಟವರು ಅವರೇ. ಆದರೆ ಒಬ್ಬರೂ ನಿಲ್ಲುತ್ತಿರಲಿಲ್ಲ. ಆರು ತಿಂಗಳು ದುಡಿಯುವುದು, ಹಳೇ ವ್ಯಾನ್ ಕೊಳ್ಳುವುದು, ಸ್ಪೇನ್, ಗ್ರೀಸ್ ಅಂತ ಹೊರಡುವುದು. ಎರಡು ವರ್ಷದಲ್ಲಿ ನನ್ನ ರೂಮಿಗೆ ಏಳು ಜನ ಬಂದು ಹೋದರು. ಎರಡನೇ ಚಳಿಗಾಲದಲ್ಲಿ ನಾನು ಮೆಟ್ಟಿಲ ಮೇಲೆ ಜಾರಿ ಕಾಲು ಮುರಿದುಕೊಂಡೆ. ಮನೆಯಲ್ಲಿ ನನಗೆ ಪರಿಚಯದವರು ಒಬ್ಬರೂ ಉಳಿದಿರಲಿಲ್ಲ. ಕೆಳಗಿನ ಮಹಡಿಯ ಒಬ್ಬ ವಯಸ್ಸಾದ ಹೆಂಗಸು ಐದು ವಾರ ದಿನಾ ಸೂಪು, ಬ್ರೆಡ್ಡು ತಂದುಕೊಟ್ಟರು. ಅಷ್ಟು ದಿನ ಆಕೆಯ ಹೆಸರು ಕೂಡ ನಾನು ಕೇಳಿರಲಿಲ್ಲ. ಅದನ್ನು ನೆನೆದರೆ ಈಗಲೂ ನಾಚಿಕೆಯಾಗುತ್ತದೆ ಕಣೇ.

ಮುಂದೆ ಅಲ್ಲಿ ಬಾಡಿಗೆ ಏರಿತು. ಒಂಟಿ ರೂಮುಗಳು ಹೋಗಿ ದುಬಾರಿ ಫ್ಲಾಟುಗಳಾದವು. ನಿಮ್ಮ ಆಸ್ಟ್ರೇಲಿಯಾದವರು ಶೆಫರ್ಡ್ಸ್ ಬುಷ್, ಆಕ್ಟನ್, ಫುಲಮ್, ಕ್ಲಾಪಮ್ ಕಡೆ ಸರಿದರು. ಕ್ಲಾಪಮ್‌ನಿಂದ ನಾರ್ದರ್ನ್ ಲೈನ್ ಅನ್ನುವ ಮೆಟ್ರೋ ರೈಲು ಸೀದಾ ಬ್ಯಾಂಕುಗಳಿರುವ ಸಿಟಿಗೆ ಹೋಗುತ್ತದೆ. ಆಡಲು, ಓಡಲು ದೊಡ್ಡ ಬಯಲಿದೆ. ಬ್ಯಾಂಕಿನಲ್ಲಿ ಕೆಲಸ ಮಾಡುವ ನಿನ್ನ ಸ್ನೇಹಿತೆಗೆ ಅದು ಸರಿ. ನೀನು ಟೀಚರ್. ಏಜೆನ್ಸಿಯವರು ಬೆಳಿಗ್ಗೆ ಫೋನ್ ಮಾಡಿ ಇವತ್ತು ಈ ಶಾಲೆ, ನಾಳೆ ಆ ಶಾಲೆ ಅಂತ ಕಳಿಸುತ್ತಾರೆ. ನಿನಗೆ ಬಂದಿರುವ ಶಾಲೆಗಳೆಲ್ಲ ನ್ಯೂಹ್ಯಾಮ್, ಬಾರ್ಕಿಂಗ್ ಕಡೆಯವು. ಅವು ಊರಿನ ಪೂರ್ವದ ತುದಿ. ಡಿಸೆಂಬರಿನ ಕತ್ತಲಲ್ಲಿ ದಿನಾ ಊರು ದಾಟಿ ಹೋಗಿ ಬರುತ್ತೀಯಾ?

ನನ್ನ ಮಾತು ಕೇಳುವುದಾದರೆ, ಮೊದಲ ಮೂರು ತಿಂಗಳು ಕ್ಲಾಪಮ್‌ನಲ್ಲೇ ಇರು. ಹೊಸ ಊರಿನಲ್ಲಿ ಪರಿಚಯದ ಮುಖ ಬೇಕು. ಆಮೇಲೆ ಪೂರ್ವಕ್ಕೆ ಹೋಗು, ಶಾಲೆಗಳ ಹತ್ತಿರ. ಈಸ್ಟ್ ಹ್ಯಾಮ್‌ನ ಹೈ ಸ್ಟ್ರೀಟಿನಲ್ಲಿ ಕರಿಬೇವು, ಇಡ್ಲಿ ಅಕ್ಕಿ ಎಲ್ಲ ಸಿಗುತ್ತೆ. ಮನೆಗೆ ಹೋದ ಮೊದಲ ವಾರವೇ ಅಕ್ಕಪಕ್ಕದವರ ಬಾಗಿಲು ತಟ್ಟು, ಹೆಸರು ಕೇಳು. ಇದೊಂದನ್ನು ನನಗೋಸ್ಕರ ಮಾಡು.

ಇನ್ನೊಂದು ವಿಷಯ, ವೀಸಾ. ನಿನ್ನ ಸ್ನೇಹಿತೆಯ ಅಜ್ಜಿ ಹುಟ್ಟಿದ್ದು ಲೀಡ್ಸ್‌ನಲ್ಲಿ. ಹಾಗಾಗಿ ಅವಳಿಗೆ ಪೂರ್ವಜರ ಲೆಕ್ಕದಲ್ಲಿ 5 ವರ್ಷದ ವೀಸಾ. ನಿನ್ನ ಅಜ್ಜಿ, ಅಂದರೆ ನನ್ನ ತಂಗಿ, ಹುಟ್ಟಿದ್ದು ತೀರ್ಥಹಳ್ಳಿಯಲ್ಲಿ. ಇಬ್ಬರದೂ ಆಸ್ಟ್ರೇಲಿಯಾದ ಪಾಸ್‌ಪೋರ್ಟೇ, ಆದರೆ ನಿನಗೆ ಯುವಜನರ ವೀಸಾ ಮಾತ್ರ. ಮೊದಲು 2 ವರ್ಷ, ಬೇಕಿದ್ದರೆ ಇನ್ನೊಂದು ವರ್ಷ. 2024ರಿಂದ ವಯಸ್ಸಿನ ಮಿತಿಯನ್ನು 35ಕ್ಕೆ ಏರಿಸಿದ್ದಾರೆ, ನಿನಗೆ ಆ ಚಿಂತೆ ಇಲ್ಲ. ಸ್ನೇಹಿತೆ ನಿಧಾನವಾಗಿ ಬೇರೂರಬಹುದು, ನಿನ್ನ ಹತ್ತಿರ ಅಷ್ಟು ಸಮಯವಿಲ್ಲ. ಅವಳನ್ನು ನೋಡಿಕೊಂಡು ನಿನ್ನ ಲೆಕ್ಕ ಹಾಕಬೇಡ. ಮನೆಯ ಠೇವಣಿ ಐದು ವಾರದ ಬಾಡಿಗೆಗಿಂತ ಜಾಸ್ತಿ ಕೇಳಿದರೆ ಕೊಡಬೇಡ, ಅಲ್ಲಿನ ಕಾನೂನೇ ಬಿಡುವುದಿಲ್ಲ. ಕೊಟ್ಟ ಹಣವನ್ನು ಸರ್ಕಾರ ಒಪ್ಪಿದ ಯೋಜನೆಯಲ್ಲಿ 30 ದಿನದೊಳಗೆ ಇಡಬೇಕು. ಅದರ ಕಾಗದ ಕೇಳಿ ಇಸಿದುಕೋ.

ಎಲ್ಲಿಯವಳು ಅಂತ ಕೇಳುತ್ತಾರೆ. ಜೀಲಾಂಗ್ ಅಂದರೆ, ಅಲ್ಲ, ನಿಜವಾಗಿ ಎಲ್ಲಿಯವಳು ಅಂತ ಮತ್ತೆ ಕೇಳುತ್ತಾರೆ. ಬೇಜಾರು ಮಾಡಿಕೊಳ್ಳಬೇಡ. ಮತ್ತೆ ಜೀಲಾಂಗ್ ಅಂತಲೇ ಹೇಳು. ಬಿಳಿಯರಿಗೆ ಮಾತ್ರ ಬಾಗಿಲು ತೆರೆಯುವ ನೀತಿಯನ್ನು ಆಸ್ಟ್ರೇಲಿಯಾ ಪೂರ್ತಿ ಕೈಬಿಟ್ಟಿದ್ದೇ 1973ರಲ್ಲಿ. ನನ್ನ ಕಾಂಗರೂ ವ್ಯಾಲಿಯಲ್ಲಿ ನಿನ್ನ ಬಣ್ಣದ ಒಬ್ಬ ಆಸ್ಟ್ರೇಲಿಯನ್ನಳನ್ನೂ ನಾನು ನೋಡಲಿಲ್ಲ. ಈಗ ನೀನು ಹೋಗುತ್ತಿದ್ದೀಯ. ಬಸವಣ್ಣನನ್ನೂ ನೋಡಿ ಬಾ. ಥೇಮ್ಸ್ ದಂಡೆಯಲ್ಲಿ, ಲ್ಯಾಂಬೆತ್‌ನಲ್ಲಿ 2015ರಿಂದ ಅವನ ಪ್ರತಿಮೆ ಇದೆ. ನಾನು ಫೋಟೋದಲ್ಲಷ್ಟೇ ನೋಡಿದ್ದು.

ನಾನು ಅಲ್ಲಿಂದ ವಾಪಸ್ ಬರುವ ಮುಂಚೆ, 2003ರಲ್ಲಿ, ಹೈಡ್ ಪಾರ್ಕ್ ಕಾರ್ನರಿನಲ್ಲಿ ಆಸ್ಟ್ರೇಲಿಯಾದ ಯುದ್ಧ ಸ್ಮಾರಕ ಕಟ್ಟಿದರು. ಪಶ್ಚಿಮ ಆಸ್ಟ್ರೇಲಿಯಾದಿಂದ ತಂದ ಗ್ರಾನೈಟ್ ಗೋಡೆ. ಎರಡು ಮಹಾಯುದ್ಧಗಳಿಗೆ ಬಂದ ಸೈನಿಕರು ಹುಟ್ಟಿದ ಊರುಗಳ ಹೆಸರನ್ನು ಅದರ ಮೇಲೆ ಸಣ್ಣ ಅಕ್ಷರದಲ್ಲಿ ಕೆತ್ತಿದ್ದಾರೆ, ಸುಮಾರು 24 ಸಾವಿರ. ನನ್ನ ಮೊದಲ ರೂಮ್‌ಮೇಟ್‌ನ ಊರನ್ನು ಅರ್ಧ ದಿನ ಹುಡುಕಿದೆ. ಸಿಕ್ಕಾಗ ಬೆರಳಿಟ್ಟು ಓದಿದೆ. ಮನೆಗೆ ಬಂದು ಅವಳಿಗೆ ಕಾಗದ ಬರೆದೆ. ಯುದ್ಧದಲ್ಲಿ ಸತ್ತವರನ್ನು ನೀವು ನೆನೆಯುವ ದಿನ, ಏಪ್ರಿಲ್ 25ರ ಬೆಳಗಿನ ಜಾವ, ನಿಮ್ಮವರೆಲ್ಲ ಅಲ್ಲಿಗೆ ಬರುತ್ತಾರೆ. ಯಾವ ಮೂಲೆಯಲ್ಲಿದ್ದರೂ ಅವತ್ತು ಹೋಗು.

ಆಗ ನೀನು ಎರಡು ವರ್ಷದ ಮಗು. ಜೀಲಾಂಗ್ ಹುಡುಕಬೇಕು ಅಂತ ನನಗೆ ಹೊಳೆಯಲೇ ಇಲ್ಲ. ನೀನು ಹುಡುಕಿ ಫೋಟೋ ಕಳಿಸು.

ನಿನ್ನ,
ದೊಡ್ಡಜ್ಜಿ